ಭಾಭಿ ಹತ್ತಿದ ಜೀಪು

ನಾಲ್ಕೂ ಗಾಲಿಗಳಿಗೆ ಬಲ ಹಂಚುವ ಜೀಪೊಂದನ್ನು ಕೊಂಡು ಅದರಲ್ಲಿ ಬರೀ ಕಾಯಿಪಲ್ಯೆ ತರುವುದು, ಪಟ್ಟದಾನೆಯ ಮೇಲೆ ಹಾಲಿನ ಪಾಕೀಟು ಹೊರಿಸಿದಷ್ಟೇ ಹಾಸ್ಯಾಸ್ಪದ. ಕಲಘಟಗಿಯಲ್ಲಿ ಅಂಥ ಹಾಸ್ಯಕ್ಕೆ ಆಸ್ಪದ ಕೊಟ್ಟವನು ನಾನೇ. ಗೇರಿನ ಬಾಜೂಕ್ಕೆ ಇನ್ನೊಂದು ಗಿಡ್ಡ ಹಿಡಿಕೆಯಿದೆ. ಎಳೆದರೆ ನಾಲ್ಕು ಗಾಲಿಗಳೂ ಒಟ್ಟಿಗೆ ದುಡಿಯುತ್ತವೆ. ನಿವೃತ್ತಿಯ ನಂತರ ಕೊಂಡ ಈ ವಾಹನದ ಶೌರ್ಯವನ್ನು ಗೆಳೆಯರಿಗೆ ವರ್ಣಿಸುವಾಗ ಆ ಹಿಡಿಕೆಯನ್ನು ಸವರುತ್ತಿದ್ದೆನೇ ಹೊರತು ಒಮ್ಮೆಯೂ ಎಳೆದಿರಲಿಲ್ಲ.

ಕಳೆದ ಮಳೆಗಾಲದ ಒಂದು ಮುಂಜಾನೆ ಇಮಾಮನ ಫೋನು ಬಂತು. ಅವನೂ ನಾನೂ ಒಂದೇ ಕಾಲೇಜಿನಲ್ಲಿ ಪಾಠ ಮಾಡಿದವರು. ಅವನೀಗ ಕಾಡಿನಂಚಿನ ತನ್ನೂರಿನಲ್ಲಿದ್ದಾನೆ. ಅವನ ಹೆಂಡತಿ ಜುಬೇದಾ ಭಾಭಿಯ ಮೂತ್ರಪಿಂಡಗಳು ಸೋತಿದ್ದರಿಂದ ಅವರು ತಪ್ಪದೆ ಕಲಘಟಗಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಮಳೆಗೆ ಹಳ್ಳದ ಸೇತುವೆ ಮುಳುಗಿದೆ, ಹಿಂದಿನ ಸರದಿಯೂ ತಪ್ಪಿದೆ, ನಾಲ್ಕು ಹೆಜ್ಜೆ ನಡೆದರೆ ಅವಳಿಗೆ ಉಸಿರು ಕಟ್ಟುತ್ತದೆ ಎಂದ. ಉಳಿದದ್ದು ಗುಡ್ಡ ಹತ್ತಿಳಿಯುವ ಹಳೆಯ ಚಕ್ಕಡಿ ಹಾದಿಯೊಂದೇ.

"ನಿನ್ನ ಜೀಪು ಬರತೈತೇನ್ಲೇ?" ಎಂದು ಕೇಳಿದ. ಅಷ್ಟು ದಿನ ಕೊಚ್ಚಿಕೊಂಡವನು ಇಲ್ಲವೆನ್ನುವುದು ಹೇಗೆ?

ಹೋಗುವಾಗ ಒಬ್ಬನೇ ಇದ್ದೆ. ಹಿಡಿಕೆ ಎಳೆದೆ. ಕೊರಕಲುಗಳಲ್ಲಿ ಇಳಿದು, ತೊಯ್ದ ಬಂಡೆಗಳನ್ನೇರಿ, ತಲೆ ಚಾವಣಿಗೆ ಬಡಿದರೂ ಲೆಕ್ಕಿಸದೆ, ದಿಗ್ವಿಜಯಕ್ಕೆ ಹೊರಟ ಚಕ್ರವರ್ತಿಯಂತೆ (ಚಕ್ರಗಳಂತೂ ಸಾಕಷ್ಟಿದ್ದವು) ಬೀಗುತ್ತ ಅವನ ಅಂಗಳ ತಲುಪಿದೆ.

ಮರಳುವಾಗ ಅದೇ ಹಾದಿ ಬೇರೆಯಾಗಿತ್ತು. ಹಿಂದಿನ ಸೀಟಿನಲ್ಲಿ ದಿಂಬಿಗೊರಗಿದ ಭಾಭಿಯ ಮುಖವೂ ಪಾದಗಳೂ ಬಾತಿದ್ದವು. ಒಂದೊಂದು ಕುಲುಕಿಗೂ ಅವರ ಉಸಿರು ತುಂಡಾಗುವುದು ನನಗೆ ಕೇಳುತ್ತಿತ್ತು. ಮುಂಜಾನೆ ಗೆದ್ದೆನೆಂದುಕೊಂಡ ಕಲ್ಲುಗಳನ್ನೆಲ್ಲ ಈಗ ಒಂದೊಂದಾಗಿ ಕ್ಷಮೆ ಬೇಡುವವನಂತೆ ದಾಟಿದೆ.

ಗುಡ್ಡದ ಏರು ಶುರುವಾಗುವಲ್ಲಿ ಜೀಪು ಕೆಸರಿಗೆ ಸಿಕ್ಕಿತು. ನಾಲ್ಕೂ ಗಾಲಿಗಳು ಸಮಾನ ನಿಷ್ಠೆಯಿಂದ ಹೂತುಕೊಳ್ಳತೊಡಗಿದವು. ಇಮಾಮ ಇಳಿದು ಕಲ್ಲು, ಕೊಂಬೆ ತುರುಕಿದ; ಕದಲಲಿಲ್ಲ. ಆಗ ಭಾಭಿಯೇ ಬಾಗಿಲು ತೆರೆದರು. ನಾವಿಬ್ಬರೂ ಬೇಡವೆಂದೆವು.

"ಕುಂತರ ನಾನೂ ಇಲ್ಲೇ ಹುಗದ ಹೋಗ್ತೀನ್ರಿ," ಎಂದರು. "ನೀವು ಗಾಡಿ ಹೊಡೀರಿ. ನಾ ಸಾವಕಾಶ ಬರ್ತೀನಿ."

ಭಾರ ಕಡಿಮೆಯಾದ ಜೀಪು ತೆವಳಿ ಮೇಲೆದ್ದಿತು. ಗಟ್ಟಿ ನೆಲ ಸಿಗುವವರೆಗೆ ನಿಲ್ಲಿಸುವಂತಿರಲಿಲ್ಲ. ಕನ್ನಡಿಯಲ್ಲಿ ಇಬ್ಬರೂ ಕಿರಿದಾಗುತ್ತ ಹೋದರು. ದಿಬ್ಬದ ಮೇಲೆ ನಿಲ್ಲಿಸಿ ಓಡಿ ಕೆಳಗಿಳಿದೆ. ಗಂಡನ ಹೆಗಲು ಹಿಡಿದು, ನಿಂತು, ಬಾಗಿ, ಮತ್ತೊಂದು ಹೆಜ್ಜೆಯಿಡುತ್ತ ಅವರು ಬರುತ್ತಿದ್ದರು. ಇನ್ನೊಂದು ಬದಿಗೆ ನಾನು ತೋಳು ಕೊಟ್ಟೆ. ಜೀಪು ಕ್ಷಣಾರ್ಧದಲ್ಲಿ ಏರಿದ ಏರು ಎಷ್ಟು ಉದ್ದವಿದೆಯೆಂದು ಗೊತ್ತಾದದ್ದು ಆಗ. ಮೇಲೆ ಬೀಸುತ್ತಿದ್ದ ಗಾಳಿಯಲ್ಲೂ ಏದುಸಿರು ಬಿಡುತ್ತಲೇ ಅವರು ಜೀಪು ಹತ್ತಿದರು.

ಆಸ್ಪತ್ರೆಯಲ್ಲಿ ತಡಮಾಡದೆ ಯಂತ್ರಕ್ಕೆ ಜೋಡಿಸಿದರು. ಇಳಿಹೊತ್ತಿಗೆ ಮುಖದ ಬಾವು ತಗ್ಗಿ, ಉಸಿರು ಹದಕ್ಕೆ ಬಂದಿತ್ತು. ಅಷ್ಟರಲ್ಲಿ ಮಳೆ ನಿಂತು ಸೇತುವೆಯ ನೀರೂ ಇಳಿದಿತ್ತು. ಅವರನ್ನು ಮನೆಗೆ ಬಿಡಲು ನಿರಾಳನಾಗಿ ಜೀಪನ್ನು ಡಾಂಬರು ರಸ್ತೆಗೆ ಹೊರಳಿಸಹೋದರೆ ಭಾಭಿ ತಡೆದರು.

"ಗುಡ್ಡದ ಹಾದೀಲೇ ಹೋಗೂಣ್ರಿ."

ಇಮಾಮ ಗಾಬರಿಯಾಗಿ ಯಾಕೆಂದು ಕೇಳಿದ.

"ಈ ರಸ್ತಾ ಬರೇ ದವಾಖಾನೀದು," ಎಂದರು. "ಭಾಳ ದಿನಾತು, ನಾ ಬ್ಯಾರೆ ಎಲ್ಲೂ ಹೋಗಿಲ್ಲ. ಮ್ಯಾಲೆ ಗಾಳಿ ಚಲೋ ಇತ್ತು, ಮುಂಜಾನೆ ತಗೊಳ್ಳಾಕ ಆಗಲಿಲ್ಲ."

ಜೀಪು ಗುಡ್ಡದ ಕಡೆ ತಿರುಗಿಸಿದೆ. ದಿಬ್ಬದ ಮೇಲೆ ಎಂಜಿನ್ ಆರಿಸಿದಾಗ ಭಾಭಿ ತಾವಾಗಿಯೇ ಇಳಿದು, ಸೂಜಿ ಚುಚ್ಚಿದ ತೋಳಿನ ಪಟ್ಟಿಯ ಮೇಲೆ ಸೆರಗು ಹೊದ್ದು, ಗಾಳಿಗೆ ಮುಖವೊಡ್ಡಿ ನಿಂತರು. ಮನೆ ಮುಟ್ಟುವ ಅವಸರ ಯಾರಿಗೂ ಇರಲಿಲ್ಲ.