ವಿಮಲಕ್ಕನ ಅಪ್ಪನಿಗೊಂದು ಫ್ರೆಂಚ್ ಹೆಸರು

ಸುಂಟಿಕೊಪ್ಪದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಆಧಾರ್, ಪಹಣಿ, ಜಾತಿ ಪ್ರಮಾಣಪತ್ರ, ಎಲ್ಲದರ ಅರ್ಜಿಯನ್ನೂ ನಾನೇ ತುಂಬುವುದು. ಹಾಗಾಗಿ ಊರಿನ ಸುದ್ದಿ ನನಗೆ ಉಳಿದವರಿಗಿಂತ ಒಂದು ದಿನ ಮೊದಲೇ ಗೊತ್ತಾಗುತ್ತದೆ. ಇದನ್ನು ಜಂಬದಿಂದ ಹೇಳಿಕೊಳ್ಳುತ್ತಿದ್ದವನು ನಾನು. ವಿಮಲಕ್ಕನ ವಿಷಯದಲ್ಲಿ ಹಾಗೆ ಗೊತ್ತಾದದ್ದೇ ನನಗೆ ಮುಳುವಾಯಿತು.

ವಿಮಲಕ್ಕನಿಗೆ ಈಗ ಐವತ್ತೆರಡು. ಎಸ್ಟೇಟಿನ ನರ್ಸರಿಯಲ್ಲಿ ಕೆಲಸ. ಚೀಲಕ್ಕೆ ಮಣ್ಣು ತುಂಬಿ ಕಾಫಿ ಸಸಿ ನೆಡುವುದು. ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಹಾಜರಿ ಹಾಕುವ ರೈಟರ್ ಕೂಡ ಅವಳ ಹತ್ತಿರ ತಗ್ಗಿಯೇ ಮಾತಾಡುತ್ತಾನೆ. ತಾಯಿ ಹನ್ನೊಂದು ವರ್ಷ ಹಾಸಿಗೆ ಹಿಡಿದಿದ್ದಳು. ಆಕೆಯ ಮೈ ಒರೆಸುತ್ತಾ, ಹದಿನೇಳು ವರ್ಷ ಚಿಕ್ಕವನಾದ ತಮ್ಮ ಕೀರ್ತಿಕುಮಾರನನ್ನು ಸೊಂಟದ ಮೇಲೆ ಹೊತ್ತು ಬೆಳೆಸುತ್ತಾ ಇವಳ ಮದುವೆಯ ವಯಸ್ಸು ದಾಟಿಹೋಯಿತು. ಅದಕ್ಕವಳು ಯಾರನ್ನೂ ದೂರಿದ್ದಿಲ್ಲ.

ಅವಳಿಗೆ ಮರೆಯಲಾಗದ್ದು ಅಪ್ಪನ ಸಾವು. 2018ರಲ್ಲಿ ಗುಡ್ಡ ಕುಸಿದ ದಿನ ಸಿದ್ದಣ್ಣ ಕೊಟ್ಟಿಗೆಯ ಹಸು ಬಿಚ್ಚಲು ಹೋದವರು ಸಿಗಲೇ ಇಲ್ಲ. ಮೂರು ವಾರ ಅವಳು ಆ ಕೆಸರಿನ ಅಂಚಿನಲ್ಲಿ ಕುಳಿತಿದ್ದಳು. ನಮ್ಮಲ್ಲಿ ಸತ್ತವರನ್ನು ಹೂಳುವುದು. ವರ್ಷಕ್ಕೊಮ್ಮೆ ಹೋಗಿ ವಿಭೂತಿ ಇಟ್ಟು, ಎಡೆ ಇಟ್ಟು ಬರಲು ಒಂದು ಜಾಗ ಇರುತ್ತದೆ. ಅವಳಿಗೆ ಅದೂ ಇಲ್ಲ.

ಉಳಿದದ್ದು ಒಂದೇ ದಾರಿ. ಸತ್ತ ತಾತ ಮೊಮ್ಮಗನಾಗಿ ಮನೆಗೆ ವಾಪಸು ಬರುತ್ತಾನೆ ಎಂಬುದು ಅವರ ಮನೆಯ ನಂಬಿಕೆ. ಮೊದಲ ಗಂಡುಮಗುವಿಗೆ ತಾತನ ಹೆಸರು. ಅದನ್ನು ಮಗುವಿನ ಕಿವಿಯಲ್ಲಿ ಮೂರು ಸಲ ಹೇಳುವ ಹಕ್ಕು ಸೋದರತ್ತೆಯದು. ತಮ್ಮನ ಹೆಂಡತಿ ಕುಸುಮಾ ಗಂಡು ಹೆತ್ತಳು ಎಂದು ಗೊತ್ತಾದ ದಿನ ವಿಮಲಕ್ಕ ನರ್ಸರಿಯವರಿಗೆಲ್ಲ ಮೈಸೂರ್‌ಪಾಕ್ ಹಂಚಿದಳು. "ನಮ್ಮಪ್ಪ ಬಂದ ಕಣ್ರೇ" ಎಂದಳಂತೆ.

ಕೀರ್ತಿ ಕಕ್ಕಬೆಯ ಒಂದು ಹೋಮ್‌ಸ್ಟೇಯಲ್ಲಿ ಜೀಪು ಓಡಿಸುತ್ತಾನೆ. ವಿದೇಶಿ ಅತಿಥಿಗಳ ಜೊತೆ ಓಡಾಡಿ ಓಡಾಡಿ, ತಾನೂ ಅಲ್ಲಿಯವನೇ ಎಂಬ ಭ್ರಮೆ. ಮಗುವಿಗೆ ಎರಡು ತಿಂಗಳಾದಾಗ ಅಂಗಡಿಗೆ ಬಂದು, "ಶಿವಣ್ಣ, ಫ್ರೆಂಚಲ್ಲಿ ಗಂಡುಮಕ್ಕಳ ಹೆಸರು ಹುಡುಕಿ ಕೊಡಿ. ಅರ್ಥ, ಮೂಲ ಎಲ್ಲಾ ಬೇಕು. ಇಡೀ ಜಿಲ್ಲೇಲಿ ಯಾರಿಗೂ ಇರಬಾರದು" ಎಂದ.

"ಅಕ್ಕ ಸಿದ್ದಣ್ಣ ಅಂತ ಅಲ್ವೇನೋ ಹೇಳ್ತಿದ್ದದ್ದು?"

"ಈ ಕಾಲದಲ್ಲಿ ಸಿದ್ದಣ್ಣ ಅಂತ ಇಟ್ರೆ ಶಾಲೇಲಿ ನಗ್ತಾರೆ ಅಣ್ಣ."

ಹುಡುಕಿ ಕೊಟ್ಟೆ. ನಾಲ್ಕು ಹಾಳೆ ಬಂತು. ಓದುತ್ತಾ ಹೋದಂತೆ ನನಗೆ ಒಳಗೊಳಗೇ ನಗು. ಪಿಯರ್ ಎಂದರೆ ಬಂಡೆ, ಗ್ರೀಕ್ ಮೂಲ. ಕ್ಲೋಡ್ ಎಂದರೆ ಕುಂಟ, ಬ್ಲೇಸ್ ಎಂದರೆ ತೊದಲುವವನು, ಎರಡೂ ಲ್ಯಾಟಿನ್. ರೆಮಿ ದೋಣಿ ನಡೆಸುವವನು. ಬಂಡೆಯೂ ಕುಂಟನೂ ಆಗಬಹುದಂತೆ, ಸಿದ್ದಣ್ಣ ಮಾತ್ರ ಆಗಬಾರದಂತೆ! ಹೀಗೆಂದು ಅವನ ಮುಖಕ್ಕೆ ಹೇಳಬೇಕಿತ್ತು. ಹೇಳದೆ, ಹಾಳೆಗೆ ಇಷ್ಟು ಎಂದು ದುಡ್ಡು ತೆಗೆದುಕೊಂಡು ಕಳಿಸಿದೆ.

ಮಾರನೆಯ ದಿನ ವಿಮಲಕ್ಕ ಬಂದಳು. ಕೈಯಲ್ಲಿ ಅದೇ ಹಾಳೆಗಳು, ಉಗುರಿನ ತುಂಬಾ ನರ್ಸರಿಯ ಮಣ್ಣು. ತಮ್ಮನ ಜೊತೆ ರಾತ್ರಿಯೆಲ್ಲ ಜಗಳವಾಡಿ ಸೋತಿದ್ದಳು.

"ಶಿವು, ಇಂಗ್ಲಿಷು ನಂಗೆ ಬರಲ್ಲ. ಇದ್ರಲ್ಲಿ ಅಪ್ಪನಿಗೆ ಹೊಂದೋದು ಏನಾದ್ರೂ ಐತಾ ನೋಡೋ. ಅವನ ಹಟ ಅವನಿಗಿರಲಿ, ನಂಗೆ ಅಪ್ಪ ಸಿಕ್ಕಿದ್ರೆ ಸಾಕು."

ಮೂರನೆಯ ಹಾಳೆಯಲ್ಲಿ ಸಿಕ್ಕಿತು. ರೆನೇ. ಲ್ಯಾಟಿನ್ ಮೂಲ. ಅರ್ಥ: ಮತ್ತೆ ಹುಟ್ಟಿದವನು. ಓದಿ ಹೇಳಿದೆ. ಅವಳು ಕುರ್ಚಿಯಲ್ಲಿ ಕುಳಿತುಬಿಟ್ಟಳು. "ಇನ್ನೊಂದ್ಸಲ ಹೇಳು" ಎಂದಳು. ಆಮೇಲೆ ತಾನೇ ಹೇಳಿನೋಡಿದಳು, ರೆನೇ, ರೆನೇ. ಸೆರಗಿನಿಂದ ಮುಖ ಒರೆಸಿಕೊಂಡು, "ಹೆಸರು ಅವರದ್ದು, ಅರ್ಥ ನಮ್ಮದು. ಆಗ್ಬಹುದು ಬಿಡು" ಎಂದಳು. ಕೀರ್ತಿಯೂ ಒಪ್ಪಿದ. ಇಬ್ಬರನ್ನೂ ಒಂದುಮಾಡಿದೆನೆಂದು ನನಗಂತೂ ವಿಪರೀತ ಹೆಮ್ಮೆ. ಮನೆಯಲ್ಲಿ ಹೆಂಡತಿಗೆ ಎರಡು ಸಲ ಹೇಳಿದೆ.

ನಾಮಕರಣದ ಹಿಂದಿನ ದಿನ ಕೀರ್ತಿ ಮತ್ತೆ ಬಂದ, ಜನನ ಪ್ರಮಾಣಪತ್ರಕ್ಕೆ ಹೆಸರು ಸೇರಿಸುವ ಅರ್ಜಿ ಹಾಕಿಸಲು. ನಾನು ರೆನೇ ಎಂದು ಟೈಪು ಮಾಡತೊಡಗಿದೆ.

"ಅದು ಬೇಡ ಅಣ್ಣ. ಎಟಿಯೆನ್ ಅಂತ ಹಾಕಿ. ಕಿರೀಟ ಅಂತ ಅರ್ಥ."

ಹೋಮ್‌ಸ್ಟೇಗೆ ಬಂದಿದ್ದ ಫ್ರೆಂಚ್ ಹೆಂಗಸೊಬ್ಬಳನ್ನು ಕೇಳಿದ್ದನಂತೆ. ರೆನೇ ಒಳ್ಳೆಯ ಹೆಸರೇ, ಆದರೆ ಈಗ ಯಾರೂ ಇಡುವುದಿಲ್ಲ, ನಮ್ಮ ತಾತಂದಿರ ಕಾಲದ್ದು ಎಂದಳಂತೆ ಆಕೆ. ತಾತನ ಹೆಸರಿನಿಂದ ತಪ್ಪಿಸಿಕೊಳ್ಳಲು ಫ್ರಾನ್ಸಿನವರೆಗೆ ಓಡಿದವನಿಗೆ ಅಲ್ಲೂ ತಾತನೇ ಎದುರಾಗಿದ್ದ.

"ಅಕ್ಕನಿಗೆ ಹೇಳಿದ್ಯಾ?"

"ಎಲ್ಲಾ ಮುಗಿದ ಮೇಲೆ ಹೇಳ್ತೀನಿ. ಕಿವೀಲಿ ಅವಳಿಗೆ ಬೇಕಾದ್ದು ಹೇಳ್ಕೊಳ್ಳಲಿ, ಯಾರಿಗೆ ಕೇಳ್ಸುತ್ತೆ? ನೀವೂ ಸುಮ್ನಿರಿ ಅಣ್ಣ."

ಅಣ್ಣತಮ್ಮಂದಿರ, ಅಕ್ಕತಮ್ಮಂದಿರ ನಡುವೆ ಹೊರಗಿನವನು ಯಾಕೆ ಬಾಯಿ ಹಾಕಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಬರೀ ನೆಪ. ನಾನೇ ಹಾಕಿದ ಗಂಟು ಬಿಚ್ಚಿತೆಂದು ವಿಮಲಕ್ಕನಿಗೆ ಹೋಗಿ ಹೇಳುವ ಧೈರ್ಯ ನನಗಿರಲಿಲ್ಲ. ಅರ್ಜಿ ಕಳಿಸಿದೆ.

ಮರುದಿನ ವಿಮಲಕ್ಕ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಉಪವಾಸವಿದ್ದಳು. ತೊಟ್ಟಿಲಿಗೆ ಬಗ್ಗಿ, ಮಗುವಿನ ಬಲಗಿವಿಗೆ ವೀಳ್ಯದೆಲೆ ಅಡ್ಡ ಹಿಡಿದು, ಮೂರು ಸಲ ಹೇಳಿದಳು. ಹೇಳಿ ತಲೆ ಎತ್ತಿದಾಗ ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ಎಲೆಯ ಮೇಲಿನ ಹೋಳಿಗೆಯನ್ನೇ ನೋಡುತ್ತಾ ಕುಳಿತೆ.

ಊಟದ ನಡುವೆ ಕುಸುಮಾಳ ತಂಗಿಯೊಬ್ಬಳು ಮಗುವನ್ನೆತ್ತಿ, "ಎಟಿಯೆನ್, ನಮ್ಮ ಎಟಿಯೆನ್" ಎಂದು ಆಡಿಸಿದಳು. ವಿಮಲಕ್ಕ ಅನ್ನದ ಪಾತ್ರೆ ಹಿಡಿದು ನಿಂತಿದ್ದಳು.

"ಅದ್ಯಾರು?"

ಕೀರ್ತಿ ನಕ್ಕ. ಸಣ್ಣ ವಿಷಯ ಎಂಬಂತೆ ಹೇಳಿದ. ಅರ್ಜಿ ಹೋಗಿಯಾಯಿತು, ಶಿವಣ್ಣನೇ ಹಾಕಿದ್ದು ಎಂದೂ ಹೇಳಿದ. ಅವಳು ನನ್ನತ್ತ ತಿರುಗಿದಳು. ಇಪ್ಪತ್ತು ಜನರ ಎದುರು ಬೈದು ಮಾನ ಹರಾಜು ಹಾಕುತ್ತಾಳೆಂದು ತಲೆ ಬಗ್ಗಿಸಿದೆ. ಅವಳು ಬೈಯಲಿಲ್ಲ. ನನ್ನ ಎಲೆಗೆ ಅನ್ನ ಬಡಿಸಿ ಮುಂದಿನ ಎಲೆಗೆ ಹೋದಳು.

ಇದಾಗಿ ಹದಿನಾಲ್ಕು ತಿಂಗಳಾಯಿತು. ತಮ್ಮ ಕಕ್ಕಬೆಯಲ್ಲಿ, ನಾದಿನಿ ಹೊಲಿಗೆ ಕ್ಲಾಸಿನಲ್ಲಿ. ಮಗುವನ್ನು ಮೀಯಿಸುವುದು, ಉಣಿಸುವುದು, ಮಲಗಿಸುವುದು ಎಲ್ಲ ವಿಮಲಕ್ಕನೇ. ಆದರೆ ಇಂದಿಗೂ ಹೆಸರು ಹಿಡಿದು ಕರೆದಿಲ್ಲ. "ಮಗು" ಎನ್ನುತ್ತಾಳೆ, ಪಕ್ಕದ ಮನೆಯವರ ಮಗುವನ್ನು ಕರೆಯುವ ಹಾಗೆ.

ಮೊನ್ನೆ ಮಗುವಿನ ಆಧಾರಿಗೆಂದು ಅಂಗಡಿಗೆ ಬಂದಿದ್ದಳು. ತಡೆಯಲಾಗದೆ ಹೇಳಿದೆ, "ಅಕ್ಕ, ಕಾಗದದಲ್ಲಿ ಏನಾದ್ರೂ ಇರಲಿ, ನೀನು ಕಿವೀಲಿ ಹೇಳಿದ್ದು ಹೇಳಿದ್ದೇ ಅಲ್ವಾ. ಅಪ್ಪ ಬಂದ ಹಾಗೇ ಲೆಕ್ಕ."

ಅವಳು ಮಗುವಿನ ಮೂಗು ಒರೆಸುತ್ತಿದ್ದಳು. ಒರೆಸಿ ಮುಗಿಸಿ ಹೇಳಿದಳು:

"ಬಂದಿದ್ದ ಕಣೋ ಶಿವು. ನೀವಿಬ್ರೂ ಸೇರಿ ಬಾಗಿಲಿಂದಲೇ ಕಳಿಸಿದ್ರಿ."