ತಂಗಿಯ ವಯಸ್ಸಿಗೆ ನಾನು ಸೇರಿಸಿದ ಎರಡು ವರ್ಷ

ನನ್ನ ತಂಗಿಯ ನಿಜವಾದ ವಯಸ್ಸು ನನಗೆ ಗೊತ್ತಿತ್ತು. ಅದನ್ನು ಹೇಳಲು ಎರಡು ದಿನ ಅವಕಾಶವೂ ಇತ್ತು. ನಾನು ಬಾಯಿ ಬಿಡಲಿಲ್ಲ. ಹೇಳಿದ್ದರೆ ಅವಳು ಹಾಕಿ ಆಟ ಕಲಿಯಲು ದೂರದ ಊರಿನ ಕ್ರೀಡಾ ಹಾಸ್ಟೆಲಿಗೆ ಹೋಗುತ್ತಿದ್ದಳು. ಸುಮ್ಮನಿದ್ದದ್ದಷ್ಟೇ ಅಲ್ಲ, ತಪ್ಪನ್ನು ಅವ್ವನ ಮೇಲೆ ಹೊರಿಸಿದೆ. ಅವ್ವ ಅದನ್ನು ಹೊತ್ತುಕೊಂಡು ತಿರುಗುವುದನ್ನು ಒಂಬತ್ತು ವರ್ಷ ನೋಡುತ್ತಾ ಇದ್ದೆ.

ನಮ್ಮದು ಬಸವಕಲ್ಯಾಣದ ಮಗ್ಗುಲಿನ ಮೋರಖಂಡಿ. ಕುರಿ ಸಾಕುವ ಮನೆ. ಅಪ್ಪ ಮುಂಜಾನೆ ಕುರಿ ಹೊಡೆದುಕೊಂಡು ಹೋದರೆ ಹೊತ್ತು ಮುಳುಗಿದ ಮೇಲೆ ಬರುತ್ತಿದ್ದ. ಅವ್ವ ಕಂಡವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು. ನಮ್ಮ ಓಣಿಯಲ್ಲಿ ಮಕ್ಕಳ ಹೆಸರು ಹಚ್ಚಲು ತಂದೆತಾಯಿ ಶಾಲೆಗೆ ಹೋದದ್ದನ್ನು ನಾನು ನೋಡಿಲ್ಲ. ದೊಡ್ಡ ಮಕ್ಕಳೇ ಸಣ್ಣವರ ಕೈ ಹಿಡಿದುಕೊಂಡು ಹೋಗುತ್ತಿದ್ದರು. ಮಾಸ್ತರರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸುತ್ತಿದ್ದರು. ಕಿವಿ ಸಿಕ್ಕರೆ ಆರು ತುಂಬಿತೆಂದು ಲೆಕ್ಕ. ಹುಟ್ಟಿದ ದಿನ ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದರು. ಓಣಿಯ ಅರ್ಧ ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದವರು.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟೆ. ಯಾರೂ ಬಿಡಿಸಿದ್ದಲ್ಲ. ನನಗೆ ಕುರಿಗಳ ಹಿಂದೆ ಹೋಗುವುದು ಸೇರುತ್ತಿತ್ತು. ಆದರೆ ಶಾಲೆ ಬಿಟ್ಟ ಕೂಡಲೇ ಅಪ್ಪ ತಂಗಿಯನ್ನು ನನ್ನ ಸೊಂಟಕ್ಕೆ ಏರಿಸಿ, ಕುರಿ ತಾನು ನೋಡಿಕೊಳ್ಳುತ್ತೇನೆ ಎಂದ. ಓರಗೆಯ ಹುಡುಗರು ಹಳ್ಳದಲ್ಲಿ ಈಸು ಬೀಳುವಾಗ ನಾನು ದಂಡೆಯ ಮೇಲೆ ಇವಳ ಮೂಗು ಒರೆಸುತ್ತಾ ಕೂರಬೇಕಾಯಿತು. ಆಗ ನನಗೆ ಹತ್ತು, ಅವಳಿಗೆ ನಾಲ್ಕು. ಅವಳಿಗೆ ಐದು ತುಂಬುವ ಮೊದಲೇ ನನಗೆ ಸಾಕುಸಾಕಾಯಿತು.

ಅವಳ ಕೈ ಉದ್ದ. ಕುರಿದೊಡ್ಡಿಯ ಹಿಂದೆ ನಾಲ್ಕು ದಿನ ಅವಳಿಗೆ ಕುತ್ತಿಗೆ ಒಂದಿಷ್ಟು ವಾಲಿಸಿ ಕಿವಿ ಹಿಡಿಯುವುದನ್ನು ಕಲಿಸಿದೆ. ಐದನೆಯ ದಿನ ಶಾಲೆಗೆ ಕರೆದುಕೊಂಡು ಹೋದೆ.

"ಎಷ್ಟ ವಯಸ್ಸೋ ಈಕಿಗಿ?" ಎಂದರು ಹೆಡ್ ಮಾಸ್ತರರು.

"ಆರ್ರಿ."

"ಯಾರ ಹೇಳ್ಯಾರ?"

"ನಮ್ಮವ್ವ ಹೇಳಿ ಕಳಿಸ್ಯಾಳ್ರಿ."

ತಂಗಿ ಕಿವಿ ಹಿಡಿದು ತೋರಿಸಿದಳು. ಅವರು ಬರೆದುಕೊಂಡರು. ಮರುದಿನ ಬೆಳಿಗ್ಗೆ ನಾನು ಕುರಿಗಳ ಹಿಂದೆ ಇದ್ದೆ.

ಅವ್ವನಿಗೆ ನಾನು ಹೇಳಿದ ವಯಸ್ಸು ಗೊತ್ತಾಗಲಿಲ್ಲ. ಮಗಳು ಶಾಲೆಗೆ ಹೋಗುತ್ತಾಳೆ ಎಂಬುದಷ್ಟೇ ಅವಳಿಗೆ ದೊಡ್ಡದಾಗಿತ್ತು. ಬಂದವರ ಮುಂದೆಲ್ಲ ಹೇಳುತ್ತಿದ್ದಳು: "ತಂಗಿ ಸಾಲಿ ಕಲೀಲಿ ಅಂತ ತಾ ಸಾಲಿ ಬಿಟ್ಟಾನ ನನ್ನ ಮಗ." ಬೀಗರು, ನೆಂಟರು ನನ್ನ ಬೆನ್ನು ತಟ್ಟುತ್ತಿದ್ದರು. ಊಟದ ಪಂಕ್ತಿಯಲ್ಲಿ ನನಗೆ ಇನ್ನೊಂದು ಹೋಳಿಗೆ ಬೀಳುತ್ತಿತ್ತು. ನಾನು ಆ ಮಾತನ್ನು ತಿದ್ದಲಿಲ್ಲ. ಕೇಳಲು ಚೆಂದ ಇತ್ತು. ಓದಿಲ್ಲದ, ಕುರಿ ಕಾಯುವ ಹುಡುಗನಿಗೆ ಇದ್ದ ಮರ್ಯಾದೆ ಅದೊಂದೇ.

ಎಂಟನೇ ಇಯತ್ತೆಗೆ ಅವಳು ಬಸವಕಲ್ಯಾಣದ ಹೈಸ್ಕೂಲಿಗೆ ಹೋದಳು. ಅಲ್ಲಿನ ಡ್ರಿಲ್ ಮಾಸ್ತರರ ಹತ್ತಿರ ಒಂದು ಚೀಲದಲ್ಲಿ ಹಳೆಯ ಹಾಕಿ ಕೋಲುಗಳಿದ್ದವು. ತರಗತಿಯಲ್ಲಿ ಎಲ್ಲರಿಗಿಂತ ಸಣ್ಣವಳು ಇವಳು. ಕೋಲು ಸಿಗಲಿಲ್ಲ, ಹೊರಗೆ ಹೋದ ಚೆಂಡು ತಂದುಕೊಡುವ ಕೆಲಸ ಸಿಕ್ಕಿತು. ಮನೆಗೆ ಬಂದು ಮುಖ ಊದಿಸಿಕೊಂಡು ಕೂತಳು. ನಾನು ಬಾಗಿದ ಜಾಲಿ ಟೊಂಗೆಯೊಂದನ್ನು ಕಡಿದು, ಕೆತ್ತಿ, ಗಾಜಿನ ಚೂರಿನಿಂದ ನಯ ಮಾಡಿ ಕೊಟ್ಟೆ. ಭಾರ ಜಾಸ್ತಿಯಾಗಿತ್ತು. ಅದನ್ನೇ ಹಿಡಿದು ಆರು ತಿಂಗಳು ದೊಡ್ಡಿಯ ಮುಂದೆ ಆಡಿದಳು. ಹಾಗಾಗಿ ಕೈಗೆ ನಿಜವಾದ ಕೋಲು ಬಂದ ದಿನ ಅವಳಿಗೆ ಅದು ಹುಲ್ಲುಕಡ್ಡಿಯಂತೆ ಹಗುರಾಗಿತ್ತು.

ಹುಮನಾಬಾದಿನ ಹುಡುಗಿಯರ ಮೇಲೆ ಅವಳು ಆಡಿದ ಮೊದಲ ಪಂದ್ಯ ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ. ಅಪ್ಪನಿಗೆ ಸುಳ್ಳು ಹೇಳಿ, ಕುರಿಗಳನ್ನು ಗೆಳೆಯನಿಗೆ ಒಪ್ಪಿಸಿ, ಬಸ್ಸು ಹತ್ತಿ ಹೋಗಿದ್ದೆ. ಅವಳು ಮೈದಾನಕ್ಕೆ ಇಳಿದಾಗ ಆ ಕಡೆಯ ಎತ್ತರದ ಹುಡುಗಿಯೊಬ್ಬಳು, "ಏ, ಹಾಲ್ ಕುಡಿಯೋ ಕೂಸಿಗಿ ಕರ್ಕೊಂಡ ಬಂದಾರ ನೋಡ್ರೇ" ಎಂದು ನಕ್ಕಳು. ತಂಗಿ ಬಗ್ಗಿ ಓಡುವುದು, ಉದ್ದ ಕೈ ಚಾಚಿ ಇನ್ನೊಬ್ಬರ ಕಾಲ ಕೆಳಗಿನ ಚೆಂಡು ಎಳೆದುಕೊಳ್ಳುವುದು, ಅಷ್ಟೇ ಮಾಡಿದಳು. ಎರಡು ಗೋಲು ಹೊಡೆದಳು. ಆಟ ಮುಗಿದ ಮೇಲೆ ಆ ಹುಡುಗಿಯ ಹತ್ತಿರ ಹೋಗಿ, "ಕೂಸಿನ ಹಿಂದ ಓಡೂದು ಭಾಳ ತ್ರಾಸ ಅದ ಅಲ್ಲ, ಅಕ್ಕಾ?" ಎಂದಳು. ಆ ಹುಡುಗಿಯೂ ನಕ್ಕುಬಿಟ್ಟಳು.

ನಾನು ಗೆರೆಯ ಹೊರಗೆ ನಿಂತು, ಕಡಲೆ ಮಾರುವವನಿಗೂ, ಸೈಕಲ್ ಇಟ್ಟುಕೊಂಡು ನಿಂತವನಿಗೂ, "ಆಕಿ ನನ್ನ ತಂಗಿ" ಎಂದು ಹೇಳಿದೆ. ಅವರು ಯಾರೂ ನನ್ನನ್ನು ಕೇಳಿರಲಿಲ್ಲ.

ಒಂಬತ್ತನೇ ಇಯತ್ತೆಯಲ್ಲಿ ಇರುವಾಗ ಕ್ರೀಡಾ ಹಾಸ್ಟೆಲಿಗೆ ಹುಡುಗಿಯರನ್ನು ಆರಿಸಲು ಹೊರಗಿನಿಂದ ಒಬ್ಬ ಸಾಹೇಬರು ಹುಮನಾಬಾದಿಗೆ ಬಂದರು. ಹದಿನಾಲ್ಕು ದಾಟಿರಬಾರದು ಎಂಬುದು ಅವರ ನಿಯಮ. ಅವ್ವ, ನಾನು ಇಬ್ಬರೂ ಹೋಗಿದ್ದೆವು. ಮುಂಜಾನೆಯೆಲ್ಲ ಆಡಿಸಿ, ಸಾಹೇಬರು ಎಲ್ಲರಿಗಿಂತ ಮೊದಲು ನನ್ನ ತಂಗಿಯನ್ನು ಕರೆದರು. ಆಮೇಲೆ ಶಾಲೆಯ ಕಾಗದ ನೋಡಿದರು.

"ಈಕಿಗಿ ಹದಿನಾಲ್ಕು ದಾಟ್ಯದಲ್ಲ?"

"ಇಲ್ರಿ ಸಾಹೇಬ್ರ," ಎಂದಳು ಅವ್ವ. "ಹನ್ನೆರಡರಿ. ನಮ್ಮ ಕರಿ ಕುರಿ ಎರಡನೇ ಸಲ ಈದ ವರ್ಷ ಹುಟ್ಯಾಳ."

ಸಾಹೇಬರು ಪೆನ್ನು ಕೆಳಗಿಟ್ಟರು. "ಕುರಿ ಹಲ್ಲ ನೋಡಿ ವಯಸ್ಸ ಹೇಳೋ ಮಂದಿ ನೀವು. ಹಡೆದ ಮಗಳದು ಬರೋಬರ್ ಬರಸಾಕ ಆಗಲಿಲ್ಲೇನು?"

ಸುತ್ತ ನಿಂತವರು ನಕ್ಕರು. ಆದರೂ ಆ ಸಾಹೇಬರು ಕೆಟ್ಟವರಲ್ಲ. ಎರಡು ದಿನ ತಾನು ಹುಮನಾಬಾದಿನಲ್ಲೇ ಇರುತ್ತೇನೆ, ಶಾಲೆಗೆ ಹೆಸರು ಹಚ್ಚಿದವರು ತಪ್ಪು ವಯಸ್ಸು ಹೇಳಿದ್ದೆವೆಂದು ಬರೆದುಕೊಟ್ಟು, ಹಳ್ಳಿಯ ಹೆಡ್ ಮಾಸ್ತರರು ರಿಜಿಸ್ಟರ್ ತಿದ್ದಿ ಸಹಿ ಮಾಡಿದರೆ ಇವಳನ್ನು ಕರೆದುಕೊಂಡು ಹೋಗುತ್ತೇನೆ ಎಂದರು. ಡ್ರಿಲ್ ಮಾಸ್ತರರು ಖುಷಿಯಿಂದ ನನ್ನ ಕಡೆ ತಿರುಗಿದರು.

"ತಮ್ಮಾ, ಹೆಸರ ಹಚ್ಚಿದಾವ ನೀನೇ ಅಲ್ಲೇನು? ಯಾರ ಹೇಳಿದ್ರು ಈ ವಯಸ್ಸ?"

ಅವ್ವ ನನ್ನನ್ನೇ ನೋಡುತ್ತಿದ್ದಳು. ತಂಗಿಯೂ ನೋಡುತ್ತಿದ್ದಳು. ನಿಜ ಹೇಳಿದರೆ, ಇವಳನ್ನು ಎತ್ತಿಕೊಳ್ಳುವುದು ಬೇಸರವಾಗಿ ನಾನು ಇವಳನ್ನು ಶಾಲೆಗೆ ದೂಡಿದೆ ಎಂದು ಹೇಳಬೇಕಾಗುತ್ತಿತ್ತು. ತಂಗಿಗಾಗಿ ಶಾಲೆ ಬಿಟ್ಟ ಅಣ್ಣ ಅಲ್ಲಿಗೆ ಮುಗಿದುಹೋಗುತ್ತಿದ್ದ.

"ಅವ್ವನೇ ಹೇಳಿ ಕಳಿಸಿದ್ಳರಿ," ಎಂದೆ.

ಅವ್ವ ನೆಲ ನೋಡಿದಳು. "ಹೇಳಿದ್ನೇನೋ," ಎಂದಳು. "ಹೇಳಿರಬೇಕ್ರಿ. ನನಗ ಓದ ಬರಂಗಿಲ್ಲ."

ಮರುದಿನ ಡ್ರಿಲ್ ಮಾಸ್ತರರೇ ಅವ್ವನನ್ನು ಕರೆದುಕೊಂಡು ಹಳ್ಳಿ ಶಾಲೆಗೆ ಹೋದರು. ಹೆಡ್ ಮಾಸ್ತರರು ಒಪ್ಪಲಿಲ್ಲ. ಅಂದು ತಾಯಿ ಹೇಳಿದ್ದನ್ನೇ ಬರೆದಿದ್ದೇನೆ, ಇಂದು ಅದೇ ತಾಯಿ ಬೇರೆ ಹೇಳಿದರೆ ಯಾವುದನ್ನು ನಂಬಲಿ ಎಂದರು. ಅದು ನ್ಯಾಯವಾದ ಮಾತೇ. ಎರಡನೆಯ ದಿನ ಮಧ್ಯಾಹ್ನ ನಾನೊಬ್ಬನೇ ಶಾಲೆಯ ಗೇಟಿನವರೆಗೆ ಹೋದೆ. ಹೆಡ್ ಮಾಸ್ತರರು ಊಟ ಮಾಡಿ ನಳದಲ್ಲಿ ಕೈ ತೊಳೆಯುತ್ತಿದ್ದರು. "ಏನಪಾ?" ಎಂದರು.

"ಏನಿಲ್ರಿ. ಒಂದ ಕುರಿ ಈ ಕಡಿ ಬಂದಿತ್ತು."

ಆ ಸಂಜೆ ಸಾಹೇಬರು ಹೊರಟುಹೋದರು.

ತಂಗಿ ನನ್ನ ಮೇಲೆ ಸಿಟ್ಟಾಗಲಿಲ್ಲ. ಅವ್ವನ ಮೇಲೆ ಆದಳು. "ನನ್ನ ಹಡೆದದ್ದ ನೆನಪಿಲ್ಲ ನಿನಗ. ಕುರಿ ಈದದ್ದ ನೆನಪ ಅದ" ಎಂದು ಒಂದು ಸಲ ಅಂದಳು. ಆಮೇಲೆ ಬಹಳ ದಿನ ಅವ್ವನಿಂದ ತಲೆ ಬಾಚಿಸಿಕೊಳ್ಳಲಿಲ್ಲ. ಅವ್ವನಿಗೆ ತನ್ನ ನೆನಪಿನ ಮೇಲೆಯೇ ನಂಬಿಕೆ ಹೋಯಿತು. ಸಂತೆಗೆ ಹೋಗುವಾಗ ಏನೇನು ತರಬೇಕೆಂದು ನನ್ನನ್ನು ಎರಡೆರಡು ಸಲ ಕೇಳುತ್ತಿದ್ದಳು. "ನಂದೇನ ಭರೋಸಾ ಇಲ್ಲಪಾ" ಎನ್ನುತ್ತಿದ್ದಳು.

ಆದರೆ ತಂಗಿ ಕೋಲು ಬಿಡಲಿಲ್ಲ. ಇದನ್ನು ಹೇಳುವಾಗ ನನ್ನ ಎದೆ ಈಗಲೂ ತುಂಬುತ್ತದೆ. ಕಾಲೇಜಿಗೆ ಆಡಿದಳು, ಜಿಲ್ಲೆಗೆ ಆಡಿದಳು. ಆಟದ ಮಾಸ್ತರಿಕೆಯ ತರಬೇತಿ ಮುಗಿಸಿ ಹುಮನಾಬಾದಿನ ಒಂದು ಶಾಲೆಯಲ್ಲಿ ಹಂಗಾಮಿ ಕೆಲಸಕ್ಕೆ ಸೇರಿದಳು. "ಕಾಗದದಾಗ ನಾ ನಿಮ್ಮೆಲ್ಲರಿಗಿಂತ ಎರಡ ವರ್ಷ ಮೊದಲ ಮುದುಕಿ ಆಗ್ತೀನಿ" ಎಂದು ನಗುವಷ್ಟು ದೊಡ್ಡವಳಾದಳು. ಸೇರಿದ ವರ್ಷವೇ ಹುಡುಗಿಯರ ತಂಡ ಕಟ್ಟಿದಳು. ಶಾಲೆಯವರು ಕೊಟ್ಟದ್ದು ಮೈದಾನ ಮಾತ್ರ. ಅದೂ ಕಲ್ಲುಹರಳಿನ ಗರಸು ನೆಲ.

ಅಷ್ಟರಲ್ಲಿ ನಾನು ಕುರಿ ಬಿಟ್ಟು ಟಂಟಂ ಓಡಿಸಲು ಹಿಡಿದಿದ್ದೆ. ಭಾನುವಾರ ಬಸವಕಲ್ಯಾಣದ ಕಡೆಯ ಹುಡುಗಿಯರನ್ನು ಆ ಮೂರು ಗಾಲಿಯ ಗಾಡಿಯಲ್ಲಿ ತುಂಬಿಕೊಂಡು, ಸಸ್ತಾಪುರ ಬಂಗಲಾ ದಾಟಿ, ರಾಜೇಶ್ವರದಲ್ಲಿ ಇನ್ನಿಬ್ಬರನ್ನು ಹತ್ತಿಸಿಕೊಂಡು ಹುಮನಾಬಾದಿಗೆ ಹೋಗುತ್ತಿದ್ದೆ. ಕೋಲುಗಳು ಎರಡೂ ಕಡೆ ಹೊರಗೆ ಚಾಚಿಕೊಂಡಿರುತ್ತಿದ್ದವು. "ಏನಪಾ, ಮುಳ್ಳಹಂದಿ ಹೊಡ್ಕೊಂಡ ಹೊಂಟಿಯೇನು?" ಎಂದು ಲಾರಿಯವರು ಕೂಗುತ್ತಿದ್ದರು. ಹುಡುಗಿಯರೂ ಬಿಡುತ್ತಿರಲಿಲ್ಲ, ತಿರುಗಿ ಕೂಗುತ್ತಿದ್ದರು.

ತಂಗಿ ಕಲಿಸುವ ರೀತಿ ಬೇರೆ. ಗರಸಿನ ಮೇಲೆ ಚೆಂಡು ಎತ್ತ ಪುಟಿಯುತ್ತದೆ ಎಂದು ಹೇಳಲಾಗದು. ಮೊದಲ ಮೂರು ತಿಂಗಳು ಅವಳು ಗೋಲಿನ ಮಾತೇ ಎತ್ತುತ್ತಿರಲಿಲ್ಲ. ಬಂದ ಚೆಂಡು ನಿಲ್ಲಿಸುವುದನ್ನಷ್ಟೇ ಕಲಿಸುತ್ತಿದ್ದಳು. "ಇಲ್ಲಿ ನಿಂದರಿಸಿದ್ರ ಎಲ್ಲೀ ನಿಂದರಸ್ತೀರಿ" ಎನ್ನುತ್ತಿದ್ದಳು. ಒಂದು ಸಲ ದೂರದ ಊರಿನಲ್ಲಿ ಹಸಿರು ಹಾಸಿನ ಮೈದಾನದಲ್ಲಿ ಆಡಲು ಹೋದಾಗ ನಮ್ಮ ಹುಡುಗಿಯರು ಮೊದಲು ನಗಲು ಶುರು ಮಾಡಿದರು. ಎಡಗಡೆ ಆಡುವ ಹನ್ನೊಂದು ವರ್ಷದವಳು ನನ್ನ ಹತ್ತಿರ ಓಡಿ ಬಂದು, "ಮಾಮಾ, ಇಲ್ಲಿ ಚೆಂಡ ಹೇಳಿದ ಮಾತ ಕೇಳ್ತದ" ಎಂದಳು. ಅಂದು ಅವರು ತಮಗಿಂತ ದೊಡ್ಡ ತಂಡವನ್ನು ಸೋಲಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ತಂಗಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. "ಅಣ್ಣಾ, ಈ ಪೋರಿಗೋಳು ನನಗಿಂತ ಮುಂದ ಹೋಗ್ತಾವ" ಎಂದಳು. ಆ ಮಾತಿನಲ್ಲಿ ಹೊಟ್ಟೆಕಿಚ್ಚಿನ ಒಂದು ಎಳೆಯೂ ಇರಲಿಲ್ಲ.

ಮುಂದಿನ ವರ್ಷ ಅದೇ ಹಾಸ್ಟೆಲಿಗೆ ಆಯ್ಕೆ ಬಂತು. ಅವಳ ತಂಡದಿಂದ ಮೂವರನ್ನು ಕಳಿಸಬಹುದಾಗಿತ್ತು. ಅವರು ಹೋದರೆ ಹಿಂದೆ ಇನ್ನೂ ಹತ್ತು ಹುಡುಗಿಯರು ಕೋಲು ಹಿಡಿಯುತ್ತಾರೆ, ತಂಡ ಉಳಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಒಂದು ಭಾನುವಾರ ಮುಂಜಾನೆ ಫಾರಂ ತುಂಬಲು ಹುಡುಗಿಯರ ತಾಯಂದಿರನ್ನು ಮೈದಾನಕ್ಕೆ ಕರೆಸಿದಳು. ಆಟ ನೋಡುವ ಆಸೆಯಿಂದ ಅವ್ವನೂ ನನ್ನ ಗಾಡಿಯಲ್ಲಿ ಬಂದಿದ್ದಳು.

ಎಡಗಡೆ ಆಡುವ ಹುಡುಗಿಯ ತಾಯಿ ಕಾಯಿಪಲ್ಯ ಮಾರುವವಳು. "ಹೋಳಿ ಹುಣ್ಣಿಮಿ ಮುಂದ ಹುಟ್ಯಾಳ್ರಿ ಟೀಚರ್. ವರ್ಷ ನೆನಪಿಲ್ಲ" ಎಂದಳು.

"ನೆನಪ ಮಾಡ್ಕೋರಿ ಅಕ್ಕಾ. ದವಾಖಾನಿ ಚೀಟಿ ಅದ ಏನ ನೋಡ್ರಿ. ನಮ್ಮವ್ವನಂಗ ಮಾಡಬ್ಯಾಡ್ರಿ," ಎಂದಳು ತಂಗಿ ನಗುತ್ತಾ. "ಆಕಿ ಮರತಾಳಂತ ನಾ ಇಲ್ಲೇ ಗರಸು ತುಳಕೋತ ಉಳದೀನಿ."

ತಾಯಂದಿರೆಲ್ಲ ನಕ್ಕರು. ಅವ್ವ ಕೂಡ ನಕ್ಕಳು. "ಹೌದವ್ವಾ, ನನ್ನಂಗ ಮಾಡಬ್ಯಾಡ," ಎಂದು ಆ ಹೆಂಗಸಿಗೆ ಹೇಳಿದಳು. "ನನಗ ಬುದ್ಧಿ ಇದ್ದಿಲ್ಲ."

ಗಾಡಿಯ ಹತ್ತಿರ ನಿಂತಿದ್ದ ನನಗೆ ಅವ್ವನ ಆ ನಗು ಸಹಿಸಲಾಗಲಿಲ್ಲ. ಅಷ್ಟು ವರ್ಷಕ್ಕೆ ಅವ್ವ ಆ ಸುಳ್ಳನ್ನು ತನ್ನದೇ ನೆನಪು ಮಾಡಿಕೊಂಡಿದ್ದಳು. ನಡೆದುಕೊಂಡು ಹೋಗಿ ಅವರ ಮುಂದೆ ನಿಂತೆ.

"ಅವ್ವ ಮರತಿದ್ದಿಲ್ಲ," ಎಂದೆ.

ತಂಗಿ ಫಾರಂನಿಂದ ತಲೆ ಎತ್ತಿದಳು. "ಏನಂದಿ?"

"ಆಕಿ ಏನೂ ಹೇಳಿ ಕಳಿಸಿದ್ದಿಲ್ಲ. ಆರು ಅಂದಾವ ನಾನು. ನಿನ್ನ ಎತ್ಕೊಂಡ ತಿರಗೂದು ಬ್ಯಾಸರಾಗಿತ್ತು. ನನಗ ಕುರಿ ಹಿಂದ ಹೋಗಬೇಕಾಗಿತ್ತು."

ಕಾಯಿಪಲ್ಯದವಳು ಮಗಳ ಕೈ ಹಿಡಿದುಕೊಂಡು ಸ್ವಲ್ಪ ಹಿಂದೆ ಸರಿದಳು.

"ಆಗ ನೀ ಸಣ್ಣಾವ ಇದ್ದಿ," ಎಂದಳು ತಂಗಿ ನಿಧಾನವಾಗಿ. "ಆಮ್ಯಾಗ? ಸಾಹೇಬ್ರು ಎರಡ ದಿನ ಕೊಟ್ಟಿದ್ರಲ್ಲ?"

"ಕೊಟ್ಟಿದ್ರು."

"ನಿನಗ ಗೊತ್ತಿತ್ತು."

"ಗೊತ್ತಿತ್ತು. ಸಾಲಿ ಬಾಗಲತನಕ ಹೋಗಿ ತಿರಗಿ ಬಂದೆ."

ಅವ್ವ ಎದ್ದು ನಿಂತಿದ್ದಳು. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು. ನನಗೆ ಮೊದಲು ಅವಳ ಕಡೆಗೇ ತಿರುಗಬೇಕೆನಿಸಿತು.

"ಅವ್ವಾ, ನಿನಗ ಎಲ್ಲಾ ಬರೋಬರ್ ನೆನಪಿತ್ತು. ನಿನ್ನ ತಪ್ಪ ಏನೂ ಇದ್ದಿಲ್ಲ," ಎಂದೆ. ಆಮೇಲೆ ತಂಗಿಯ ಮುಖ ನೋಡಿ, ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದೆ: "ತಪ್ಪ ನಂದು, ತಂಗಿ. ನೀ ಹೋಗೋ ದಾರಿಗಿ ನಾ ಅಡ್ಡ ನಿಂತೆ, ಮ್ಯಾಲ ಅವ್ವನ ಹೆಸರ ಹೇಳಿದೆ. ನನ್ನಿಂದ ತಪ್ಪಾತು. ಇಬ್ಬರೂ ನನಗ ಮಾಫ್ ಮಾಡ್ರಿ."