ಐದು ವರ್ಷದ ಜಾತಿಪತ್ರ

ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರುವ ಪ್ರೇಮಲತಾ ಸುಮ್ಮಸುಮ್ಮನೆ ವ್ಯಾಪಾರ ಬಿಡುವವಳಲ್ಲ. ಗಂಡ ಶಿವಶಂಕರ್ ತೀರಿಕೊಂಡಾಗಲೂ ಹನ್ನೊಂದನೇ ದಿನದ ಕಾರ್ಯ ಮುಗಿಸಿ, ಮಾರನೇ ಬೆಳಗ್ಗೆಯೇ ಗೋಣಿಚೀಲ ಹಾಸಿ ಕೂತಿದ್ದಳು. ಅಂಥವಳು ಈ ಜೂನ್ ತಿಂಗಳಲ್ಲಿ ಮೂರು ದಿನ ಬಿಡಬೇಕಾಯಿತು. ಮಗಳು ವಿನುತಾಳಿಗೆ ನರ್ಸಿಂಗ್ ಸೀಟು ಸಿಗುವ ಹಾಗಿತ್ತು. ಆದರೆ ಹೈಸ್ಕೂಲಿಗೆಂದು ಮಾಡಿಸಿದ್ದ ಜಾತಿ–ಆದಾಯ ಪತ್ರದ ಅವಧಿ ಮುಗಿದಿತ್ತು.

ಮೊದಲ ದಿನ ನಾಡಕಚೇರಿಯಲ್ಲಿ ಸರ್ವರ್ ಇರಲಿಲ್ಲ. ಮಧ್ಯಾಹ್ನದವರೆಗೆ ಮೆಟ್ಟಿಲ ಮೇಲೆ ಕೂತು ವಾಪಸ್ ಬಂದಳು. ಎರಡನೇ ದಿನ ಕೌಂಟರಿನವನು ಕಾಗದಗಳನ್ನು ತಿರುವಿಹಾಕಿ ತಲೆ ಎತ್ತಿದ.

"ಹಳೇ ಸರ್ಟಿಫಿಕೇಟಲ್ಲಿ ತಿಗಳ ಅಂತಿದೆ. ನಿಮ್ಮ ಯಜಮಾನರ ಟಿ.ಸಿ.ಯಲ್ಲಿ ವಹ್ನಿಕುಲ ಕ್ಷತ್ರಿಯ ಅಂತಿದೆ. ಯಾವುದಮ್ಮ ಸರಿ?"

"ಎರಡೂ ಒಂದೇ ಸಾರ್."

"ನೀವು ಹೇಳಿದ್ರೆ ಆಗಲ್ಲ. ಮನೆ ಹತ್ರ ಬಂದು ವಿಚಾರಣೆ ಮಾಡ್ತಾರೆ, ಹೋಗಿ."

ದಾಖಲೆ ತೋರಿಸಲು ಇನ್ನು ಆರೇ ದಿನ ಉಳಿದಿತ್ತು. ನಾಲ್ಕು ದಿನ ಯಾರೂ ಬರಲಿಲ್ಲ. ಐದನೇ ದಿನ ಸಂಜೆ ಚಾಮರಾಜಪೇಟೆಯ ಆ ಎರಡು ಕೋಣೆಯ ಮನೆಗೆ ಶಿವರಂಜಿನಿ ಎಂಬ ಕಂದಾಯ ಅಧಿಕಾರಿ ಮೆಟ್ಟಿಲು ಹತ್ತಿ ಬಂದರು. ಮೊದಲು ನೀರು ಕೇಳಿದರು. "ಇವತ್ತಿಗೆ ಇದು ಒಂಬತ್ತನೇ ಮನೆ" ಎಂದು ಗೋಡೆಗೆ ಒರಗಿ ಕೂತರು.

ಮಂಚದ ಮೇಲಿದ್ದ ಮಾವ ಬಚ್ಚಪ್ಪನಿಗೆ ಎಪ್ಪತ್ತೆಂಟು ವರ್ಷ. ಅವನು ಶಾಲೆಯ ಮುಖ ನೋಡಿದವನಲ್ಲ, ಅವನ ಹೆಸರಿನಲ್ಲಿ ಜಾತಿಯ ಕಾಗದವೂ ಇರಲಿಲ್ಲ.

"ತಾತ, ನಿಮ್ಮದು ಯಾವ ಜನ?"

"ತಿಗಳರು ಕಣಮ್ಮ."

"ಮಗನ ಟಿ.ಸಿ.ಯಲ್ಲಿ ಬೇರೆ ಇದೆಯಲ್ಲ?"

"ಅದು ಮೇಷ್ಟ್ರು ಬರ್ಕೊಂಡಿದ್ದು. ಮನೇಲಿ ತಿಗಳರು ಅಂತೀವಿ, ಕಾಗದದಲ್ಲಿ ಅದನ್ನ ಬರೀತಾರೆ."

"ನಿಮ್ಮ ಹತ್ರ ಏನಾದ್ರೂ ಆಧಾರ ಇದೆಯಾ?"

ಬಚ್ಚಪ್ಪ ಅಂಗಿಯ ಗುಂಡಿ ಬಿಚ್ಚತೊಡಗಿದ. "ಇಪ್ಪತ್ತೆರಡು ವರ್ಷ ಕರಗದಲ್ಲಿ ವೀರಕುಮಾರ ಆಗಿದ್ದೆ, ತಿಗಳರನ್ನ ಬಿಟ್ಟು ಬೇರೆ ಯಾರೂ ಅದಾಗಲ್ಲ. ಎದೆಗೆ ಕತ್ತಿ ಬಡ್ಕೊಂಡಿದೀನಿ. ಗಾಯದ ಗುರುತು ನೋಡಿ."

ಹೊರಗಿನ ಹೆಂಗಸಿನ ಎದುರು ಹೆಗಲ ಮೇಲೆ ಟವೆಲ್ಲಿಲ್ಲದೆ ಕೂರದ ಮನುಷ್ಯ ಅವನು. ಪ್ರೇಮಲತಾ ಮುಖ ತಿರುಗಿಸಿ ಅಡುಗೆಮನೆಗೆ ಹೋಗಿ ನಿಂತಳು.

ಶಿವರಂಜಿನಿ ಎದ್ದು ಬಂದು ತಾವೇ ಅಂಗಿಯ ಅಂಚು ಕೂಡಿಸಿದರು. "ನಂಬ್ತೀನಿ ತಾತ. ಆದ್ರೆ ಇದನ್ನ ನಾನು ಕಂಪ್ಯೂಟರಿಗೆ ಹಾಕಕ್ಕಾಗಲ್ಲ. ಅಕ್ಕಪಕ್ಕದವರನ್ನ ಕರೀರಿ."

ಕೆಳಗಿನ ಮನೆಯ ಕಮಲಮ್ಮ ಬಂದರು. ಎದುರಿನ ದಿನಸಿ ಅಂಗಡಿಯ ಏಕಾಂತಯ್ಯ ಗಿರಾಕಿಗಳನ್ನು ನಿಲ್ಲಿಸಿ ಬಂದು, ಕನ್ನಡಕ ಹಾಕಿಕೊಂಡು ಮಹಜರಿಗೆ ಸಹಿ ಮಾಡಿದರು. "ಐವತ್ತು ವರ್ಷದಿಂದ ನೋಡ್ತಿದೀವಿ ಮೇಡಂ. ಎರಡು ಹೆಸರೂ ಇವರದ್ದೇ" ಎಂದರು. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು.

ಮಾರನೇ ದಿನ ಪ್ರೇಮಲತಾ ಮತ್ತೆ ಕಚೇರಿಗೆ ಹೋದಳು. ಹನ್ನೊಂದು ಗಂಟೆಗೆ ಪತ್ರ ಕೈಗೆ ಬಂತು. ಬಾಗಿಲಲ್ಲೇ ಕಾಯುತ್ತಿದ್ದ ವಿನುತಾ ಅದನ್ನು ಹಿಡಿದು ಆಟೋ ಹತ್ತಿದಳು. ಎರಡು ಗಂಟೆಗೆ ಫೋನ್ ಮಾಡಿ, "ಕಾಗದ ತಗೊಂಡ್ರು ಅಮ್ಮ" ಎಂದಳು. ಪ್ರೇಮಲತಾ "ಹೂಂ" ಅಂದಳು, ಅಷ್ಟೇ. ಸಂತೋಷಪಡಲು ಕೂಡ ಸ್ವಲ್ಪ ಶಕ್ತಿ ಬೇಕು.

ಹಿಂದಿನ ಸಂಜೆಯಿಂದ ಬಚ್ಚಪ್ಪ ಸರಿಯಾಗಿ ಮಾತಾಡಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಿದ, "ಆ ಕಾಗದ ಎಷ್ಟು ದಿನಕ್ಕಮ್ಮ?"

"ಐದು ವರ್ಷಕ್ಕೆ ಮಾವ."

"ಆಮೇಲೆ ನಾವು ಬೇರೆ ಜನ ಆಗ್ಬಿಡ್ತೀವಾ?"

ಪ್ರೇಮಲತಾ ಅವನ ತಟ್ಟೆಗೆ ಅನ್ನ ಬಡಿಸಿ ಮುಂದಿಟ್ಟಳು. ತಾನು ಉಣ್ಣದೆ, ಗೋಡೆ ಪಕ್ಕ ಸೆರಗು ಹಾಸಿಕೊಂಡು ಮಲಗಿದಳು.